ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು

ನಮ್ಮ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಊಟ, ಅದೂ ಆದ ಮೇಲೆ ಸುದ್ದಿ. ಸಾವಿನ ಸುದ್ದಿಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ಹಸಿದವರ ಬಾಯಿಂದ ಕೇಳಬಾರದು ಎನ್ನುವುದು ಅಜ್ಜಿ ಹಾಕಿದ ಕಟ್ಟು. ತಿ. ನರಸೀಪುರದಲ್ಲಿ ಹೊಳೆಗೆ ಇಳಿಯುವ ಓಣಿಯ ಮನೆ ನಮ್ಮದು. ಮುಂದೆ ಜಗುಲಿ, ಒಳಗೆ ನಡುಮನೆ, ಅದರ ಬಲಕ್ಕೆ ಅಡುಗೆಮನೆ, ಹಿತ್ತಿಲಲ್ಲಿ ಒಂದು ಹಸುವಿನ ಕೊಟ್ಟಿಗೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅಜ್ಜಿ ಅಪ್ಪನ ತಾಯಿ. ಕಳಲೆಯ ಹೊಲಮನೆಯನ್ನು ದೊಡ್ಡಪ್ಪನಿಗೆ ಒಪ್ಪಿಸಿ, ತಾನು ಸಾಕಿದ ಹಸುವನ್ನು ಲಾರಿಗೆ ಹತ್ತಿಸಿಕೊಂಡು ನಮ್ಮ ಮನೆಗೆ ಬಂದವಳು. ಹಸುವಿನ ಜೊತೆಗೆ ಅವಳ ಮಾತೂ ಬಂತು. ಅಮ್ಮನಿಗೆ ಹಸುವಿನ ಬಗ್ಗೆ ಯಾವ ತಕರಾರೂ ಇರಲಿಲ್ಲ.

ಅಜ್ಜಿ ಸ್ನಾನ ಮಾಡುತ್ತಿರಲಿಲ್ಲ, ಮೀಯುತ್ತಿದ್ದಳು. ಅಡುಗೆ ಮಾಡುತ್ತಿರಲಿಲ್ಲ, ಅಡುತ್ತಿದ್ದಳು. ಬಡಿಸುತ್ತಿರಲಿಲ್ಲ, ಇಕ್ಕುತ್ತಿದ್ದಳು. ಸೂರ್ಯ ಹುಟ್ಟುತ್ತಿರಲಿಲ್ಲ, ನ್ಯಾಸರು ಮೂಡುತ್ತಿತ್ತು. 'ಹ' ಎನ್ನುವ ಅಕ್ಷರವನ್ನಂತೂ ಅವಳು ಕಳಲೆಯಿಂದ ತಂದೇ ಇರಲಿಲ್ಲ. ನಾನು ಅವಳ ಮಗ್ಗುಲಲ್ಲೇ ಮಲಗಿ ಬೆಳೆದವಳಾದ್ದರಿಂದ ನನ್ನ ಬಾಯಲ್ಲೂ ಹಾಲು ಆಲಾಗಿ, ಹೊಳೆ ಒಳೆಯಾಗಿ ಹರಿಯುತ್ತಿತ್ತು. ಊಟದ ಹೊತ್ತಿನಲ್ಲಿ ನಾನು ಹಾಗೆ ಅಂದರೆ ಅಮ್ಮ ಸೌಟಿನಿಂದ ನನ್ನ ತಟ್ಟೆಯ ಅಂಚಿಗೆ ಟಣ್ಣೆಂದು ಒಂದು ತಟ್ಟುತ್ತಿದ್ದರು. ಸರಿಯಾಗಿ ಹೇಳಿದರೆ ಮುಂದಿನ ಸೌಟು ಬೀಳುತ್ತಿತ್ತು. ಮುದ್ದೆ ಮುಗಿದು ಅನ್ನಕ್ಕೆ ಬರುವಷ್ಟರಲ್ಲಿ ಐದಾರು ಸಲವಾದರೂ ಆ ಟಣ್ ಕೇಳುತ್ತಿತ್ತು.

"ಮಗು ಮುಂದೆ ಹಾಗೆ ಮಾತಾಡಬೇಡಿ ಅತ್ತೆ. ಪರೀಕ್ಷೇಲೂ ಹಾಗೇ ಬರೀತಾಳೆ."

"ಬರೀಲಿ ಬುಡವ್ವ. ತಿದ್ದೋರು ಉಣ್ಣಲ್ವ, ಮೀಯಲ್ವ? ಅವ್ರಿಗೂ ಅರ್ತಾಯ್ತದೆ."

ಅಪ್ಪ ಇಂಥ ಹೊತ್ತಿನಲ್ಲಿ ಮಜ್ಜಿಗೆಗೆ ಉಪ್ಪು ಸಾಲದು ಎಂದೋ ಹೆಚ್ಚಾಯಿತೆಂದೋ ಹೇಳಿ ಮಾತು ತಿರುಗಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಅಮ್ಮನ ಕನ್ನಡ, ಕೊಟ್ಟಿಗೆಯಲ್ಲಿ ಅಜ್ಜಿಯ ಕನ್ನಡ ಆಡುವುದನ್ನು ರೂಢಿ ಮಾಡಿಕೊಂಡೆ. ಅದರಿಂದ ನನಗೇನೂ ಕಷ್ಟವಾಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ, ಹಾಕಿಕೊಂಡು ಹೊರಗೆ ಹೋದ ಹಾಗೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಂಜುಂಡ ಚಿಕ್ಕಪ್ಪ ಒಮಾನಿನಿಂದ ವಾಪಸು ಬಂದ. ಅಪ್ಪನ ತಮ್ಮ, ಇನ್ನೂ ಮದುವೆಯಾಗಿರಲಿಲ್ಲ. ಡೀಸೆಲ್ ಪಂಪು ರಿಪೇರಿಯಲ್ಲಿ ಅವನ ಕೈ ಒಳ್ಳೆಯದು. ಊರಿನ ಬೇರೆ ಹುಡುಗರು ದುಬೈ ಅಂಗಡಿಗಳಿಗೆ ಹೋದರೆ ಇವನು ಹೋಗಿ ಬಿದ್ದದ್ದು ಬೆಟ್ಟದ ಮೇಲಿನ ಒಂದು ಹಳ್ಳಿಗೆ. ಮೆಟ್ಟಿಲು ಮೆಟ್ಟಿಲಾಗಿ ಖರ್ಜೂರದ ತೋಟ, ಕಲ್ಲಿನ ಕಾಲುವೆಯಲ್ಲಿ ಸರದಿಯ ಮೇಲೆ ಬಿಡುವ ನೀರು, ಮೇಕೆಗಳು, ವಯಸ್ಸಾದ ಜನ. ಕನ್ನಡದವರಿರಲಿ, ಹಿಂದಿ ಬಲ್ಲವರೂ ಇರಲಿಲ್ಲವಂತೆ. ಯಜಮಾನನ ತಾಯಿ, ಸಲ್ಮಾ ಎನ್ನುವ ಮುದುಕಿ, ಇವನಿಗೆ ಊಟಕ್ಕಿಕ್ಕುತ್ತ, ಬೈಯುತ್ತ, ಮೇಕೆ ಕಟ್ಟಿಸುತ್ತ ಮಾತು ಕಲಿಸಿದಳು. ಏಳು ವರ್ಷದಲ್ಲಿ ಚಿಕ್ಕಪ್ಪ ಕಲಿತದ್ದು ಅವಳ ಮಾತೊಂದನ್ನೇ. ನಾವು ಮನೆಯಲ್ಲಿ ಅವಳಿಗೆ 'ಬೆಟ್ಟದಜ್ಜಿ' ಎಂದು ಹೆಸರಿಟ್ಟೆವು.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ದುಬೈಯಿಂದ ರಜೆಗೆ ಬಂದ ಹುಡುಗರು ಚಿಕ್ಕಪ್ಪನ ಬಾಯಿ ಬಿಡಿಸಿ ನಗುತ್ತಿದ್ದರು. ಒಂದು ಸಲ ನಾನೂ ಜೊತೆಗಿದ್ದೆ.

"ಇದ್ಯಾವ ಕಾಡು ಅರಬ್ಬಿ ಕಣ್ಲಾ ನಂಜುಂಡ! ನೀ ದುಬೈಗೆ ಬಂದು ಇಂಗ್ ಮಾತಾಡುದ್ರೆ ಅರಬ್ಬೀರೇ ಎದ್ದೋಯ್ತಾರೆ. ಒಂಟೆ ಕಾಯೋರು ಕಲ್ಸಿದ್ರಾ?"

"ಅಲ್ಲ ಕಣ್ಲಾ, ಮೇಕೆ ಕಾಯೋರು," ಅಂದ ಚಿಕ್ಕಪ್ಪ, ಬನ್ನನ್ನು ಟೀಗೆ ಅದ್ದುತ್ತ. ಅವನಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಇಲ್ಲ ಎನ್ನುವ ಮಾತನ್ನು ಅವನು ಆಡಿದ್ದು ಅದಕ್ಕೂ ಕಡಿಮೆ. ಯಾರು ಏನು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದ. ಮೊದಲ ಸಲ ದೇಶ ಬಿಟ್ಟು ಹೋಗುವಾಗಲೂ ಹಾಗೆ ನಗುತ್ತಲೇ ಓಡಾಡಿಕೊಂಡಿದ್ದು, ಬಸ್ಸು ಹತ್ತುವ ದಿನ ಬೆಳಿಗ್ಗೆ ಅಜ್ಜಿಗೆ ಹೇಳಿದ್ದನಂತೆ. ಅಜ್ಜಿ ಅದನ್ನು ಮರೆತಿರಲಿಲ್ಲ.

ಅವನು ಬಂದು ಕೆಲವು ತಿಂಗಳ ಮೇಲೆ, ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ನಂಜನಗೂಡಿನವರೊಬ್ಬರು ಒಂದು ಕ್ಯಾಸೆಟ್ಟು ತಂದುಕೊಟ್ಟರು. ಬೆಟ್ಟದಜ್ಜಿಗೆ ಓದುಬರಹ ಬಾರದು, ಹಾಗಾಗಿ ಮಾತು ತುಂಬಿ ಕಳಿಸಿದ್ದಳು. ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಚಿಕ್ಕಪ್ಪ ನಡುಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಆ ಕ್ಯಾಸೆಟ್ಟು ಹಾಕುವುದು ಒಂದು ಪದ್ಧತಿಯಾಯಿತು. ಒಂದಷ್ಟು ಕೇಳಿಸಿ, ನಿಲ್ಲಿಸಿ, ಕನ್ನಡದಲ್ಲಿ ಹೇಳುತ್ತಿದ್ದ. ಅಜ್ಜಿ ಕಾಲು ಚಾಚಿಕೊಂಡು, ಎಲೆಗೆ ಸುಣ್ಣ ಸವರುತ್ತ, ಎದುರಿಗೆ ಕೂತವರಿಗೆ ಹೇಳುವಂತೆ ಉತ್ತರ ಕೊಡುತ್ತಿದ್ದಳು.

"ನಿನ್ನ ತಾಯಿ ಚೆನ್ನಾಗವ್ರಾ ಅಂತಾಳೆ."

"ಊಂ ಕಣವ್ವ, ಚೆಂದಾಗಿವ್ನಿ. ಮಂಡಿ ಒಸಿ ನೋವು."

"ನಿಮ್ಮನೆ ಅಸ ಕರಾಕ್ತಾ ಅಂತಾಳೆ."

"ಎಣ್ಗರ! ಏಳ್ಲಾ ಅವ್ಳಿಗೆ, ಎಣ್ಗರ ಅಂತ."

ಬೆಟ್ಟದಜ್ಜಿ ಅಪ್ಪನನ್ನು ಕೇಳುತ್ತಿದ್ದಳು, ಅಮ್ಮನನ್ನು, ನನ್ನನ್ನು, ಹೊಳೆಯ ನೀರನ್ನು, ಬಾವಿಯನ್ನು ಕೇಳುತ್ತಿದ್ದಳು. ಹಿಂದೆ ಮೇಕೆ ಕೂಗುತ್ತಿತ್ತು, ಯಾರೋ ಒರಳಲ್ಲಿ ಕಾಫಿಬೀಜ ಕುಟ್ಟುತ್ತಿದ್ದರು. ನಮಗೆಲ್ಲ ಅದು ಬಾಯಿಪಾಠವಾಗಿ ಹೋಗಿತ್ತು. ಒಂದು ಮಗ್ಗುಲು ಮುಗಿದು ಟಕ್ಕೆಂದು ನಿಂತರೆ ಚಿಕ್ಕಪ್ಪ ಕ್ಯಾಸೆಟ್ಟು ತೆಗೆದು ಡಬ್ಬಿಗೆ ಹಾಕಿ ಎದ್ದುಬಿಡುತ್ತಿದ್ದ. ಇನ್ನೊಂದು ಮಗ್ಗುಲು ಖಾಲಿ ಎಂದೇ ನಾವು ತಿಳಿದಿದ್ದೆವು. ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ದಿನ ಅಜ್ಜಿ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೇಳಿದಳು.

"ನಂಜ, ನೀನೇ ಏಳಿದ್ದೆ. ಆ ಸೀಮೇಲೂ ನಮ್ಮಂಗೇ ಅಂತ. ಖರ್ಜೂರ ತಿಂದು ಕಾಪಿ ಕುಡ್ಯೋಗಂಟ ಸುದ್ದಿ ಎತ್ತಕ್ಕಿಲ್ಲ ಅಂತ."

"ಊಂ ಕಣವ್ವ."

"ಇವ್ಳು ಅರ್ದ ಗಂಟೆ ಬರೀ ಕ್ಷೇಮ ಕೇಳವ್ಳೆ. ಸುದ್ದಿ ಎಲ್ಲದೆ?"

"ಸುದ್ದಿ ಏನಿಲ್ಲ ಕಣವ್ವ. ವಯಸ್ಸಾದೋಳು."

"ಅದ್ಕೇ ಕೇಳಿದ್ದು. ವಯಸ್ಸಾದೋರು ಸುದ್ದಿ ಇಲ್ದೆ ಅಷ್ಟೊತ್ತು ಕ್ಷೇಮ ಕೇಳಕ್ಕಿಲ್ಲ. ಆ ಮಗ್ಗುಲು ಆಕು."

ಚಿಕ್ಕಪ್ಪ ನಕ್ಕ. ಸೆಲ್ಲು ಮುಗೀತು ಅಂದು ಎದ್ದು ಹೋದ. ಸಾಯಂಕಾಲ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಅಜ್ಜಿ ನನಗೆ ಹೇಳಿದಳು: ಅವಳು ಮೀಯಲು ಹೋದಾಗ ಚಿಕ್ಕಪ್ಪ ಆ ಮಗ್ಗುಲನ್ನು ಸಣ್ಣ ದನಿಯಲ್ಲಿ ಹಾಕಿಕೊಂಡು ಕೇಳುತ್ತಾನೆ, ಬಚ್ಚಲವರೆಗೂ ಗುಂಯ್ ಅನ್ನುತ್ತದೆ. "ಕರ್ದವ್ಳೆ ಕಣ್ಮಗ ಅವ್ಳು. ಇವ್ನು ಓಯ್ತನೆ. ಬಸ್ಸತ್ತೋ ದಿನ ಏಳ್ತನೆ ನೋಡು." ಹಾಲಿನ ಧಾರೆ ಚೊಂಬಿನಿಂದ ಆಚೆಗೆ ಹೋಗುತ್ತಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ.

ನಮ್ಮಲ್ಲಿ ಹಾಲು ಕೊಳ್ಳುತ್ತಿದ್ದವರಲ್ಲಿ ಗಫೂರ್ ಮೇಷ್ಟ್ರು ಒಬ್ಬರು. ಮಸೀದಿಯ ಪಕ್ಕದಲ್ಲಿ ಮಕ್ಕಳಿಗೆ ಅರಬ್ಬಿ ಹೇಳಿಕೊಡುತ್ತಿದ್ದರು. ತೆಳ್ಳನೆಯ ಗಡ್ಡ, ದಪ್ಪ ಕನ್ನಡಕ, ಮಿತವಾದ ಮಾತು. ಅಜ್ಜಿ ಅವರ ಕ್ಯಾನಿಗೆ ಹಾಲು ಅಳೆಯುತ್ತ, ಭಾನುವಾರ ನಮ್ಮಲ್ಲಿ ಊಟಕ್ಕೆ ಬರಬೇಕು, ಒಂದು ಕ್ಯಾಸೆಟ್ಟು ಕೇಳಿ ಅದರಲ್ಲಿ ಏನಿದೆಯೋ ಹೇಳಬೇಕು ಎಂದಳು. ಮಗನೆದುರಿಗೇ ಹೇಳಿದಳು. ಚಿಕ್ಕಪ್ಪ ನಗಲಿಲ್ಲ.

ಇನ್ನು ನನ್ನ ಕೆಲಸ. ಸ್ಕೂಲಿನಲ್ಲಿ ಭಾಷಣ ಸ್ಪರ್ಧೆಯಿತ್ತು. ನಾನು ಎಲ್ಲೆಲ್ಲಿ 'ಹ' ನುಂಗುತ್ತೇನೆಂದು ನನಗೇ ಗೊತ್ತಾಗಲೆಂದು, ಟೇಪಿನಲ್ಲಿ ನನ್ನ ದನಿ ನಾನೇ ತುಂಬಿ ಕೇಳಿಕೊಳ್ಳಲು ಅಮ್ಮ ಹೇಳಿದರು. ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಬೇರೆ ಕ್ಯಾಸೆಟ್ಟು ಕಾಣಲಿಲ್ಲ. ಟೇಪಿನೊಳಗೆ ಬೆಟ್ಟದಜ್ಜಿಯ ಕ್ಯಾಸೆಟ್ಟಿತ್ತು. ಅಜ್ಜಿ ಕೊಟ್ಟಿಗೆಯಲ್ಲಿ ಅಂದದ್ದು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಜ್ಜಿಗೆ ಅನುಮಾನ ಜಾಸ್ತಿ ಎಂದು ಅಪ್ಪ ಅನ್ನುತ್ತಿದ್ದರು. ಆ ಮಗ್ಗುಲು ಖಾಲಿ ಎಂದು ಚಿಕ್ಕಪ್ಪನೇ ಅಂದ ಹಾಗಿತ್ತು. ನಾನು ಹಾಕಿ ಪರೀಕ್ಷಿಸಲೂ ಇಲ್ಲ. ತಿರುಗಿಸಿ ಹಾಕಿ, ಕೆಂಪು ಗುಂಡಿ ಒತ್ತಿ, ಭಾಷಣವನ್ನು ಮೂರು ಸಲ ಒಪ್ಪಿಸಿದೆ. ಕೇಳಿಕೊಂಡಾಗ ಒಂದೇ ಒಂದು 'ಹ' ಬಿಟ್ಟಿರಲಿಲ್ಲ. ಬಹಳ ಖುಷಿಯಾಯಿತು.

ಭಾನುವಾರ ಮೇಷ್ಟ್ರು ಬಂದರು. ಕಾಲಿಗೆ ನೀರು, ಕುಡಿಯಲು ನೀರು, ಆಮೇಲೆ ಊಟ. ಅವರೆಕಾಳಿನ ಸಾರು, ಮುದ್ದೆ. ಮೇಷ್ಟ್ರು ಎರಡನೇ ಮುದ್ದೆಗೆ ಬೇಡ ಎನ್ನುವಷ್ಟರಲ್ಲಿ ಅದು ತಟ್ಟೆಯಲ್ಲಿತ್ತು. ಊಟ ಮುಗಿಯುವವರೆಗೆ ಒಬ್ಬರೂ ಕ್ಯಾಸೆಟ್ಟಿನ ಮಾತೆತ್ತಲಿಲ್ಲ. ಕೈ ತೊಳೆದು ಬಂದ ಮೇಲೆ ಚಿಕ್ಕಪ್ಪ ಮೊದಲ ಮಗ್ಗುಲು ಹಾಕಿದ.

ಮೇಷ್ಟ್ರು ಮೊದಲು ಹುಬ್ಬು ಗಂಟಿಕ್ಕಿದರು. ನಿಲ್ಲಿಸಿ, ಹಿಂದಕ್ಕೆ ಹೋಗಿ ಅಂದರು. ಮತ್ತೆ ಹಿಂದಕ್ಕೆ. ಕೆಲವು ಮಾತು ಅವರಿಗೆ ಸಿಕ್ಕದಿದ್ದಾಗ ಚಿಕ್ಕಪ್ಪ ಬಿಡಿಸಿ ಹೇಳಿದ. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪುಸ್ತಕದ ಅರಬ್ಬಿ ಕಲಿಸ್ತಿದೀನಿ ಅಮ್ಮಾ. ಅದರಲ್ಲಿ ಗಂಡಸರು ಬಂದರು ಅನ್ನೋಕೆ ಒಂದು ರೂಪ, ಹೆಂಗಸರು ಬಂದರು ಅನ್ನೋಕೆ ಇನ್ನೊಂದು. ಈಗಿನ ದೊಡ್ಡ ದೊಡ್ಡ ಪಟ್ಟಣದಲ್ಲಿ ಎರಡಕ್ಕೂ ಒಂದೇ ಮಾಡ್ಕೊಂಡಿದಾರೆ. ಮಕ್ಕಳು ಕೇಳ್ತಾವೆ, ಮೇಷ್ಟ್ರೇ ಯಾರೂ ಆಡದೇ ಇರೋದನ್ನ ನಾವ್ಯಾಕೆ ಕಲೀಬೇಕು ಅಂತ. ಈ ತಾಯಿ ಆಡ್ತಾರೆ! ಸೊಸೆಯಂದಿರ ಮಾತೆತ್ತುವಾಗ ಒಂದು ಕಡೆನೂ ತಪ್ಪಲ್ಲ. ಹಾಲು ಕರೆಯಲ್ಪಟ್ಟಿತು ಅಂತೀವಲ್ಲ, ಅದನ್ನ ಮಾತಿನ ಹೊಟ್ಟೆಯೊಳಗೇ ಒಂದು ಸ್ವರ ತಿರುಗಿಸಿ ಹೇಳ್ತಾರೆ. ಅದೂ ಬಹಳ ಕಡೆ ಹೋಯ್ತು ಅಂತ ಓದಿದ್ದೆ. ಓದಿದ್ದೆ ಅಷ್ಟೆ. ಒಬ್ಬರ ಬಾಯಿಂದ ಕೇಳಿದ್ದು ಇವತ್ತು."

"ದುಬೈ ಐಕ್ಳು ಕಾಡು ಮಾತು ಅಂತರೆ ಮೇಷ್ಟ್ರೇ," ಅಂದ ಚಿಕ್ಕಪ್ಪ.

"ಅನ್ನಲಿ ಬಿಡಿ. ಇದರಲ್ಲಿ ಒಂದೆರಡು ನನ್ನ ಪುಸ್ತಕದಲ್ಲೂ ಇಲ್ಲ. ಹೊಸದೋ, ಪುಸ್ತಕಕ್ಕಿಂತ ಹಳೇದೋ, ನನಗೆ ತಿಳಿಯಲ್ಲ. ತಪ್ಪು ಅಂತ ಮಾತ್ರ ನಾನು ಅನ್ನಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಜ್ಜಿಯನ್ನೇ ನೋಡುತ್ತ ನಿಂತಿದ್ದರು. ಹತ್ತನೇ ಕ್ಲಾಸಿನ ಹಳಗನ್ನಡದ ಪದ್ಯದಲ್ಲಿ ಮೀ, ಅಡು, ಇಕ್ಕು, ನೇಸರು ಬಂದರೆ ಅಮ್ಮ ಬೋರ್ಡಿನ ಮೇಲೆ ಅರ್ಥ ಬರೆಸುತ್ತಿದ್ದರು ಎನ್ನುವುದು ನಾನೇ ಆ ಕ್ಲಾಸಿಗೆ ಹೋದಾಗ ನನಗೆ ತಿಳಿದದ್ದು. ಆವತ್ತು ಅವರು ಯಾಕೆ ಅಜ್ಜಿಯನ್ನು ಹಾಗೆ ನೋಡುತ್ತ ನಿಂತರು ಎಂಬುದು ನನಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ ಎಲೆಯಡಿಕೆ ತಟ್ಟೆ ತಂದು ಅಜ್ಜಿಯ ಮುಂದಿಟ್ಟರು. ಅದು ನನ್ನ ಕೆಲಸವಾಗಿತ್ತು, ಅಮ್ಮ ಎಂದೂ ಮಾಡುತ್ತಿರಲಿಲ್ಲ.

ಅಜ್ಜಿಗೆ ಈ ವಿದ್ಯೆ ಯಾವುದೂ ಬೇಕಿರಲಿಲ್ಲ.

"ಕ್ಷೇಮ ಆಯ್ತಲ್ಲ. ಈಗ ಆ ಮಗ್ಗುಲು ಆಕು."

ಚಿಕ್ಕಪ್ಪ ಕೂತೇ ಇದ್ದ. ಮೇಷ್ಟ್ರೇ ಕ್ಯಾಸೆಟ್ಟು ತಿರುಗಿಸಿ ಹಾಕಿ ಗುಂಡಿ ಒತ್ತಿದರು.

"ಹಿರಿಯರೇ, ಹೆಮ್ಮೆಯ ಗುರುಗಳೇ," ಎಂದಿತು ಟೇಪು, ನನ್ನ ದನಿಯಲ್ಲಿ, ಗಟ್ಟಿಯಾಗಿ. ಹಸಿರು, ಹೊನ್ನು, ಹರಿಯುವ ಹೊಳೆ. ಒಂದು ಸಲ ಮುಗಿಯಿತು. ಎರಡನೇ ಸಲ ಶುರುವಾಯಿತು. ನಿಲ್ಲಿಸಲು ಯಾರ ಕೈಯೂ ಮುಂದೆ ಬರಲಿಲ್ಲ. ಮೂರನೆಯ ಸಲ ಮುಗಿದು ಟಕ್ ಎಂದ ಮೇಲೆ, ನಡುವೆ ಕತ್ತರಿಸಿದ ಮಾತಿನಿಂದ ಬೆಟ್ಟದಜ್ಜಿಯ ದನಿ ಎದ್ದಿತು. ಎರಡು ಮಾತಿನ ಆಶೀರ್ವಾದ, ಒಂದು ಕೆಮ್ಮು, ಅಷ್ಟೆ. ಅಂದರೆ ಆ ಮಗ್ಗುಲು ತುಂಬಿತ್ತು. ನಾನು ಅದನ್ನು ಅಳಿಸಿದ್ದೆ.

ಅಮ್ಮ ನನ್ನ ರಟ್ಟೆ ಹಿಡಿದು ಕೈಯೆತ್ತಿದರು. ಚಿಕ್ಕಪ್ಪ "ಬುಡಿ ಅತ್ಗೆ, ತಪ್ಪು ಅವ್ಳದಲ್ಲ" ಅಂದ. ಅವನು ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಹೋಯಿತಲ್ಲ, ಇನ್ನು ಯಾರು ಕೇಳುವವರು ಎಂದು ಅವನ ಅಭ್ಯಾಸದಂತೆ ನಕ್ಕು ಎದ್ದು ಹೋಗಬಹುದಿತ್ತು. ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕಪ್ಪ ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತು ಕಣ್ಣು ಮುಚ್ಚಿದ.

ಅವನು ಆ ಮಗ್ಗುಲನ್ನು ಮೊದಲಿನಿಂದ ಒಪ್ಪಿಸಿದ. ನಾಲ್ಕು ತಿಂಗಳು ಕದ್ದು ಕೇಳಿದ್ದು ಅವನಲ್ಲಿ ಒಂದಕ್ಷರ ಬಿಡದೆ ಉಳಿದಿತ್ತು. ದನಿ ಅವಳದೇ. ನಡುವೆ ಅವಳು ಮೇಕೆಗೆ ಗದರಿದ್ದನ್ನು ಗದರಿದ, ಕೆಮ್ಮಿದ್ದಲ್ಲಿ ಕೆಮ್ಮಿದ. ಮೇಷ್ಟ್ರು ಒಂದೊಂದೇ ಮಾತು ಹಿಡಿದು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತ ಹೋದರು.

"ನೀನಿದ್ದ ಕೋಣೆ ಇದ್ದ ಹಾಗೇ ಇದೆ ಅಂತಾರೆ. ಹೊಸಬ ಪಂಪಿಗೆ ಬೈತಾನಂತೆ, ರಿಪೇರಿ ಮಾಡಲ್ಲವಂತೆ. ಮಗ ನಿನ್ನ ಕಾಗದ ಪತ್ರ ಮಾಡಿಸಿಟ್ಟಿದಾನೆ, ಖರ್ಜೂರ ಹಣ್ಣಾಗೋದರೊಳಗೆ ಬಾ ಅಂತಾರೆ." ಚಿಕ್ಕಪ್ಪ ಮುಂದಿನ ಮಾತು ಒಪ್ಪಿಸಿದ, ಮೇಷ್ಟ್ರು ಅದನ್ನೂ ಹೇಳಿದರು. "ಆದರೆ ನಿನ್ನ ತಾಯೀನ ಕೇಳು ಅಂತಾರೆ. ಅವರು ಹೂಂ ಅಂದರೆ ಮಾತ್ರ ಬಾ. ಕೇಳದೆ ಬಂದರೆ ನಾನು ಬಾಗಿಲು ತೆಗೆಯಲ್ಲ ಅಂತಾರೆ."

ಅಜ್ಜಿಗೆ ಸಿಟ್ಟು ಬಂತು.

"ನನ್ನ ಕೇಳವ್ಳೆ! ನಾಕು ತಿಂಗ್ಳಿಂದ ಆವಮ್ಮ ನನ್ನ ಕೇಳ್ಕಂಡು ಕುಂತವ್ಳೆ. ನಾನು ಉತ್ರ ಕೊಡ್ದೆ ಎಲೆ ಅಗ್ಕಂಡು ಕುಂತಿವ್ನಿ, ಮಾನ ಇಲ್ದೋಳಂಗೆ. ಯಾಕ್ಲಾ ಮುಚ್ಚಿಟ್ಟೆ? ಓಗೋ ಮನ್ಸಿದ್ರೆ ಓಯ್ತಿನಿ ಅನ್ನು, ಬಾಯಿಲ್ವ ನಿಂಗೆ?"

"ಓಗೋ ಮನ್ಸಿಲ್ಲ ಕಣವ್ವ," ಅಂದ ಚಿಕ್ಕಪ್ಪ. ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಅವ್ಳಿಗೆ ಇಲ್ಲ ಅನ್ನಕ್ಕೆ ಬಾಯಿಲ್ಲ. ನಿನ್ನ ಕೇಳುದ್ರೆ, ಮಗ ಆಸೆ ಪಡ್ತಾವ್ನೆ ಅನ್ಕಂಡು ನೀ ಊಂ ಅಂದ್ಬುಟ್ರೆ?"

ನಾನು ಅವರಿಬ್ಬರನ್ನೂ ನೋಡುತ್ತಿದ್ದೆ. ಮಗ ಹೊರಟುಬಿಡುತ್ತಾನೆಂದು ಅವ್ವ, ಅವ್ವ ಕಳಿಸಿಬಿಡುತ್ತಾಳೆಂದು ಮಗ, ಒಂದೇ ಸೂರಿನ ಕೆಳಗೆ ನಾಲ್ಕು ತಿಂಗಳು ಹೆದರಿಕೊಂಡು, ದಿನಾ ಎದುರುಬದುರು ಕೂತು ಹಸು ಹೆಣ್ಗರು ಹಾಕಿದ ಸುದ್ದಿ ಕೇಳಿದ್ದರು. ಅಜ್ಜಿ ಕೈಚಾಚಿ ಅವನ ತಲೆಯ ಮೇಲೊಂದು ಮೊಟಕಿದಳು. ಜೋರಾಗಿಯೇ ಮೊಟಕಿದಳು. ಆಮೇಲೆ ನನ್ನ ಕಡೆ ತಿರುಗಿ, ಮಾತು ತುಂಬೋದು ನಿನಗೆ ಗೊತ್ತಲ್ಲ, ಬಾ ಒತ್ತು ಅಂದಳು.

ಅಮ್ಮ ಬೀರುವಿನಿಂದ ಹೊಸ ಕ್ಯಾಸೆಟ್ಟು ತಂದುಕೊಟ್ಟರು. ಅಜ್ಜಿ ಟೇಪಿನ ಮುಂದೆ ಸೆರಗು ಸರಿಮಾಡಿಕೊಂಡು ಕೂತಳು. ಬೆಟ್ಟದಜ್ಜಿಯ ಮಂಡಿ ಕೇಳಿದಳು, ಮೇಕೆ ಕೇಳಿದಳು, ಸೊಸೆಯರನ್ನು ಒಬ್ಬೊಬ್ಬರಾಗಿ ಕೇಳಿದಳು, ಕಾಲುವೆಯ ನೀರು ಕೇಳಿದಳು. ಮೇಷ್ಟ್ರು ಟೇಪಿನ ಸುರುಳಿ ಸಣ್ಣದಾಗುವುದನ್ನು ನೋಡುತ್ತಿದ್ದರು. ಅಜ್ಜಿ ಅವಸರ ಮಾಡಲಿಲ್ಲ. ಒಂದು ಮಗ್ಗುಲು ಪೂರ್ತಿ ಕ್ಷೇಮವಾದ ಮೇಲೆ, ನನ್ನಿಂದ ತಿರುಗಿಸಿ ಹಾಕಿಸಿ, ದನಿ ತಗ್ಗಿಸಿದಳು.

"ನಿನ್ನ ಮಾತು ನಂಗೆ ಇವತ್ತು ಮುಟ್ತು ಕಣವ್ವ, ತಪ್ಪು ತಿಳ್ಕಬ್ಯಾಡ. ನಂಜ ಬರಕ್ಕಿಲ್ಲ. ಅವ್ನು ಬತ್ತೀನಿ ಅಂತಿದ್ದ, ನಾನೇ ಬ್ಯಾಡ ಅಂದೆ. ಕ್ವಾಪ ಇದ್ರೆ ನನ್ ಮ್ಯಾಲೆ ಮಾಡ್ಕೊ, ಮಗೀನ ಮ್ಯಾಲೆ ಬ್ಯಾಡ. ಏಳೊರ್ಸ ಅವ್ನಿಗೆ ಉಣ್ಣಕ್ಕಿಕ್ಕಿದೀಯ. ಅದ್ನ ನಾನು ತೀರ್ಸಕ್ಕಾಗಕ್ಕಿಲ್ಲ."

ಇದನ್ನೆಲ್ಲ ಅರಬ್ಬಿಯಲ್ಲಿ ಯಾರು ಹೇಳಬೇಕು ಎಂದಾಗ ಚಿಕ್ಕಪ್ಪ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. "ನನ್ನ ಅರಬ್ಬಿ ಆ ತಾಯಿಗೆ ಕೋರ್ಟಿನ ನೋಟೀಸು ಕೇಳಿದ ಹಾಗಿರುತ್ತೆ. ಅವರ ಮಾತಲ್ಲೇ ಹೇಳಿ. ನೀವೇ ಹೇಳಿ." ಚಿಕ್ಕಪ್ಪ ಟೇಪಿನ ಹತ್ತಿರ ಬಗ್ಗಿ ಹೇಳಿದ. ತಡೆತಡೆದು ಶುರುಮಾಡಿದವನು ಆಮೇಲೆ ನಿಲ್ಲಲಿಲ್ಲ. ಅಜ್ಜಿ ಪ್ರತಿ ಮಾತಿಗೂ ತಾನೇ ಆಡಿದವಳಂತೆ ತಲೆದೂಗಿದಳು. ಮೇಷ್ಟ್ರು ಒಂದು ಕಡೆ ಮಾತ್ರ ತಟ್ಟನೆ ತಲೆಯೆತ್ತಿ ಚಿಕ್ಕಪ್ಪನನ್ನು ನೋಡಿ, ಮತ್ತೆ ತಗ್ಗಿಸಿದರು.

ಚಿಕ್ಕಪ್ಪ ಊರಲ್ಲೇ ಪಂಪು ರಿಪೇರಿ ಅಂಗಡಿ ಇಟ್ಟ, ಮದುವೆಯಾದ. ಅವನ ಮೊಮ್ಮಗಳು ಈಗ ನಂಜನಗೂಡಿನಲ್ಲಿ ನಾನು ಪಾಠ ಮಾಡುವ ಶಾಲೆಗೇ ಬರುತ್ತಾಳೆ. ಅವಳ ಬಾಯಲ್ಲೂ 'ಹ' ಇಲ್ಲ. ಬರಹದಲ್ಲಿ ತಿದ್ದುತ್ತೇನೆ, ಬಾಯಿಮಾತಿನ ತಂಟೆಗೆ ಹೋಗುವುದಿಲ್ಲ. ಅಜ್ಜಿ ತೀರಿಕೊಂಡ ವರ್ಷ ಮೇಷ್ಟ್ರು ಮಾತನಾಡಿಸಲು ಬಂದವರು, ಊಟ ಮುಗಿಸಿ, ಜಗುಲಿಯಲ್ಲಿ ಕೂತು ಅಮ್ಮನಿಗೆ ಆ ಭಾನುವಾರದ ಮಾತು ಹೇಳಿದರು. ಅಜ್ಜಿ ಅಂದದ್ದನ್ನೆಲ್ಲ ಚಿಕ್ಕಪ್ಪ ಒಂದೂ ಬಿಡದೆ ಅರಬ್ಬಿಗೆ ತಂದಿದ್ದನಂತೆ, ಒಂದನ್ನು ಬಿಟ್ಟು. ಆ ಜಾಗದಲ್ಲಿ ಅವನು ಹೇಳಿದ್ದು ಹೀಗಂತೆ: "ನಮ್ಮವ್ವ ತಪ್ಪು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ, ನಂಬಬೇಡ. ಬರೋದಿಲ್ಲ ಅಂದದ್ದು ನಾನು."